ಪತ್ತಾರ ಬೆಸೆದ ಪಿಸ್ತೂಲು

ನಾನೊಂದು ನಾಡ ಪಿಸ್ತೂಲು. ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ, ಗಡಿಯಾಚೆಯ ಯಾವುದೋ ಊರಿನ ದನದ ಕೊಟ್ಟಿಗೆಯ ಹಿಂದೆ, ಗುಜರಿಗೆ ಬಿದ್ದ ಲಾರಿಯ ಕಬ್ಬಿಣದಿಂದ. ನನಗೆ ನಂಬರಿಲ್ಲ, ಹಿಡಿಯ ಮೇಲೆ ಕಂಪನಿಯ ಮುದ್ರೆಯಿಲ್ಲ. ನನ್ನನ್ನು ಮಾಡಿದವನು ಪರೀಕ್ಷೆಯ ದಿನ ನನ್ನ ಟ್ರಿಗರಿಗೆ ಉದ್ದನೆಯ ಹಗ್ಗ ಕಟ್ಟಿ, ತಾನು ಮಣ್ಣಿನ ಗೋಡೆಯ ಹಿಂದೆ ಕುಳಿತು ಎಳೆದ. ಢಂ ಎಂದಿತು. ನಾನು ಚೂರಾಗಿಲ್ಲವೆಂದು ಖಾತ್ರಿಯಾದ ಮೇಲೆಯೇ ಅವನು ಇಣುಕಿ ನೋಡಿ ನಕ್ಕ. ಹೆತ್ತವನೇ ಹೆದರಿ ಅವಿತದ್ದನ್ನು ಕಂಡು ನನಗೂ ನನ್ನ ಮೇಲೆ ಭಯ ಹುಟ್ಟಿತು. ಆ ಹೊಡೆತಕ್ಕೆ ನನ್ನ ಕೊಳವೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅದು ಅವನಿಗೆ ಕಾಣಲಿಲ್ಲ.

ಈರುಳ್ಳಿ ಚೀಲದ ಹೊಟ್ಟೆಯಲ್ಲಿ ಕುಳಿತು ಭೀಮಾ ದಂಡೆಯ ಒಂದು ತಾಲ್ಲೂಕು ಊರಿಗೆ ಬಂದೆ. ಅಲ್ಲಿ ಮರಳು ಸಾಗಿಸುವವನೊಬ್ಬ ನನ್ನನ್ನು ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡ. ಜನರ ಮುಂದೆ ಅಂಗಿ ಎತ್ತಿ ತೋರಿಸುತ್ತಿದ್ದ, ಅಷ್ಟೇ. ಒಮ್ಮೆಯೂ ಹಾರಿಸುವ ಧೈರ್ಯ ಮಾಡಲಿಲ್ಲ. ಕೊನೆಗೆ ಬೇಸತ್ತು ಬಂಗಾರದ ಅಂಗಡಿಯ ಮಾನಪ್ಪ ಪತ್ತಾರನಿಗೆ ಮಾರಿಬಿಟ್ಟ.

ಮಾನಪ್ಪನಿಗೆ ಪಿಸ್ತೂಲಿನ ಹುಚ್ಚಿರಲಿಲ್ಲ, ಹೆದರಿಕೆ ಇತ್ತು. ಪಕ್ಕದ ತಾಲ್ಲೂಕಿನಲ್ಲಿ ಅವನ ಸೋದರಮಾವನ ಮಗ ಗಂಗಾಧರನನ್ನು ಕಳ್ಳರು ಅಂಗಡಿಯಲ್ಲೇ ಮಚ್ಚಿನಿಂದ ಕಡಿದಿದ್ದರು. ಒಳ್ಳೆಯ ರಿವಾಲ್ವರಿಗೆಂದು ಮಾನಪ್ಪ ಹಾಕಿದ ಲೈಸೆನ್ಸಿನ ಅರ್ಜಿ ಎಲ್ಲಿ ಕುಳಿತಿತ್ತೋ ಏಳಲೇ ಇಲ್ಲ. ಎದ್ದಿದ್ದರೂ ಅದರ ಬೆಲೆ ಅವನ ಕೈಗೆಟುಕುವಂತಿರಲಿಲ್ಲ.

ನನ್ನನ್ನು ಕೈಗೆ ತೆಗೆದುಕೊಂಡವನೇ ಅವನು ಒಡವೆಯನ್ನು ನೋಡುವಂತೆ ನೋಡಿದ. ಚಿಕ್ಕ ಸುತ್ತಿಗೆಯಿಂದ ತಟ್ಟಿ ಕಿವಿಗೆ ಹಿಡಿದ.

"ಇದರ ಬೆಸುಗಿ ಕೂಡಿಲ್ಲ," ಎಂದ.

ನನ್ನ ಬಿರುಕನ್ನು ಕಂಡುಹಿಡಿದ ಮೊದಲ ಮನುಷ್ಯ ಅವನೇ. ಇನ್ನು ನನ್ನನ್ನು ಬಾವಿಗೆ ಎಸೆಯುತ್ತಾನೆ, ಬದುಕಿದೆ ಎಂದುಕೊಂಡೆ.

ಅವನ ಹೆಂಡತಿ ಕಾಳಮ್ಮನೂ ಅದನ್ನೇ ಹೇಳಿದಳು. "ಮನ್ಯಾಗ ಇಂಥಾದ್ದು ಬ್ಯಾಡ್ರಿ. ಯಾರರ ಬಂದ್ರ ಇದ್ದದ್ದು ಕೊಟ್ಟು ಕಳಸೂಣು."

"ಕೇಳಿ ಒಯ್ಯತಾರೇನ ಅವರು? ಗಂಗಾಧರಗ ಕೇಳಿ ಹೊಡದ್ರೇನು? ನೀ ಸುಮ್ನಿರು."

ಆಮೇಲೆ ಮಾನಪ್ಪ ಮಾಡಿದ ಕೆಲಸವನ್ನು ಪತ್ತಾರನಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಕೂಡದ ಬೆಸುಗೆಯನ್ನು ನೋಡಿಕೊಂಡು ಸುಮ್ಮನಿರುವುದು ಅವನಿಂದಾಗಲಿಲ್ಲ. ಮೂರು ಮಧ್ಯಾಹ್ನ ಕೆಂಡದ ಕುಮಟೆಯ ಮುಂದೆ ಕುಳಿತು, ಬೆಸುಗೆ ಹಿಡಿಯಲೆಂದು ಬಿಳಿಗಾರ ಸವರಿ, ಊದುಗೊಳವೆಯಿಂದ ಉರಿ ಊದಿ, ಬಿರುಕಿಗೆ ಬೆಳ್ಳಿ ಬೆಸುಗೆ ಹಾಕಿದ. ಅರ ಹಿಡಿದು ಉಜ್ಜಿದ, ಮೆರುಗು ಕೊಟ್ಟ. ಮೂಗುತಿಗೆ ಹರಳು ಕೂರಿಸುವ ಬೆರಳುಗಳು ಅವು. ಅಷ್ಟು ಮೆತ್ತಗೆ ನನ್ನನ್ನು ಯಾರೂ ಮುಟ್ಟಿರಲಿಲ್ಲ. ನನಗೆ ಅವನ ಮೇಲೆ ಅಕ್ಕರೆ ಹುಟ್ಟಿತು.

"ಈಗ ನೋಡು, ಶೋರೂಮಿನ್ಯಾಗಿನ ರಿವಾಲ್ವರಿಗೂ ಇದಕ್ಕೂ ಏನ್ ಫರಕ್ ಐತಿ?" ಎಂದು ಹೆಂಡತಿಗೆ ತೋರಿಸಿದ.

ಫರಕು ನನಗೆ ಗೊತ್ತಿತ್ತು. ಬೆಳ್ಳಿ ಬೆಸುಗೆ ಸರವನ್ನು ಕೊರಳಲ್ಲಿ ನಿಲ್ಲಿಸೀತು, ಸಿಡಿಮದ್ದನ್ನು ನಿಲ್ಲಿಸದು. ಮೊದಲು ಅವನಿಗೆ ನನ್ನ ಮೇಲೆ ಅನುಮಾನವಿತ್ತು. ಈಗ ತನ್ನ ಕೈಕೆಲಸದ ಮೇಲಿನ ಅಭಿಮಾನದಲ್ಲಿ ಅದೂ ಹೋಯಿತು. ಕೂಗಿ ಹೇಳೋಣವೆಂದರೆ ನನಗಿದ್ದದ್ದು ಒಂದೇ ಬಾಯಿ, ಅದರಿಂದ ಮಾತು ಬರುವುದಿಲ್ಲ.

ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಲ್ಲಿ ನನ್ನನ್ನು ಇಟ್ಟ. ಬಾಗಿಲು ಕಿರುಗುಟ್ಟಿದರೆ ಸಾಕು, ಅವನ ಬಲಗೈ ಬೆವರುತ್ತ ಬಂದು ನನ್ನ ಮೇಲೆ ಕೂರುತ್ತಿತ್ತು. ಗಿರಾಕಿ ಕಾಲುಂಗುರ ಕೇಳಿದ ಮೇಲೆ ಮೆಲ್ಲಗೆ ಹಿಂದೆ ಸರಿಯುತ್ತಿತ್ತು. ಅವನು ಕಳ್ಳರಿಗೆ ಹೆದರುತ್ತಿದ್ದ; ನಾನು ಆ ಐದು ಬೆರಳುಗಳಿಗಾಗಿ ಹೆದರುತ್ತಿದ್ದೆ. ಯಾರೂ ಬಾರದಿರಲಿ ಎಂದು ದಿನವೂ ಬೇಡಿಕೊಳ್ಳುತ್ತಿದ್ದೆ.

ಬೇಸಿಗೆಯಲ್ಲಿ ಚುನಾವಣೆ ಬಂತು. ಲೈಸೆನ್ಸಿನವರೆಲ್ಲ ತಮ್ಮ ಬಂದೂಕು, ರಿವಾಲ್ವರುಗಳನ್ನು ಠಾಣೆಗೆ ಒಪ್ಪಿಸಿದರು. ಪೊಲೀಸರು ಹಳ್ಳಿಗಳಿಗೆ ಬಂದೋಬಸ್ತಿಗೆ ಹೋದರು. ಪೇಟೆಯಲ್ಲಿ ಕಾವಲು ಇಲ್ಲವೆಂದು ಮಾನಪ್ಪ ಡ್ರಾಯರನ್ನು ಅರ್ಧ ತೆರೆದೇ ಇಡತೊಡಗಿದ.

ಒಂದು ದಿನ ಮಧ್ಯಾಹ್ನ ಎರಡು ಗಂಟೆ. ಬಿಸಿಲಿಗೆ ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಅಂಗಡಿಯ ಮುಂದೆ ಬೈಕೊಂದು ನಿಂತಿತು. ಎಂಜಿನ್ ಆರಿಸದೆಯೇ ಇಳಿದವನೊಬ್ಬ ಸರಸರ ಒಳಗೆ ಬಂದ. ಮುಖಕ್ಕೆ ಟವೆಲ್ಲು, ಕಣ್ಣಿಗೆ ಕಪ್ಪು ಕನ್ನಡಕ, ಬಲಗೈ ಹೆಗಲ ಚೀಲದೊಳಗೆ. ನಮ್ಮ ಕಡೆಯ ಬಿಸಿಗಾಳಿಗೆ ಬೈಕಿನವರೆಲ್ಲ ಹಾಗೆಯೇ ಮುಖ ಸುತ್ತಿಕೊಳ್ಳುತ್ತಾರೆ. ಅದು ಮಾನಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹೆದರಿಕೆ ಅವನ ಬುದ್ಧಿಯನ್ನು ನುಂಗಿಹಾಕಿತ್ತು. ನನ್ನನ್ನು ಡ್ರಾಯರಿನಿಂದ ಸೆಳೆದು ಮುಂದೆ ಚಾಚಿದ.

"ಅಲ್ಲೇ ನಿಂದ್ರು! ಕೈ ತಗೀಬ್ಯಾಡ!"

ಅವನು ಬೆಚ್ಚಿಬಿದ್ದು ಕೈ ಹೊರಗೆ ತೆಗೆದೇಬಿಟ್ಟ. ನನ್ನ ಬಾಯಿ ಅವನ ಎದೆಗೆ ನೇರವಾಗಿತ್ತು, ನಡುವೆ ನಾಲ್ಕು ಅಡಿ. ಬೇಡ, ಬೇಡ ಎಂದು ನಾನು ಒಳಗೊಳಗೇ ಚೀರಿದೆ. ಮಾನಪ್ಪ ಟ್ರಿಗರ್ ಒತ್ತಿದ.

ಬೆಸುಗೆ ಬಿಟ್ಟಿತು. ನನ್ನ ಬುಡ ಸೀಳಿ ಬೆಂಕಿ ಹಿಂದಕ್ಕೆ ನುಗ್ಗಿತು. ಗುಂಡು ದಾರಿ ತಪ್ಪಿ ತೊಲೆಗೆ ಹೋಗಿ ಬಡಿಯಿತು. ಬಂದವನು ಕುಸಿದು ಕುಳಿತ. ಅವನ ಮುಷ್ಟಿಯಲ್ಲಿದ್ದದ್ದು ಹರಿದ ಬೆಳ್ಳಿಯ ಉಡದಾರ, ಅವನ ಕೂಸಿನದು. ಸಾಯಬಣ್ಣ ಎಂದು ಅವನ ಹೆಸರು. ಎದ್ದು, ಮುಖದ ಟವೆಲ್ಲು ಬಿಚ್ಚಿ, ಮಾನಪ್ಪನ ಬಲಗೈಗೆ ಬಿಗಿಯಾಗಿ ಕಟ್ಟಿದವನೂ ಅವನೇ. ಹೆಬ್ಬೆರಳು, ತೋರುಬೆರಳು ಅಲ್ಲಿರಲಿಲ್ಲ.

ನನಗೆ ಚೀಟಿ ಕಟ್ಟಿ ಠಾಣೆಯಲ್ಲಿ ಜಪ್ತಿ ಮಾಡಿದ್ದನ್ನೆಲ್ಲ ಇಡುವ ಮುದ್ದೆಮಾಲಿನ ಕೋಣೆಗೆ ಹಾಕಿದರು. ಅಲ್ಲಿ ಚುನಾವಣೆಗೆ ಬಂದು ಕುಳಿತ ಬೆಲೆಬಾಳುವ ರಿವಾಲ್ವರೊಂದಿತ್ತು. "ಆರು ಸಲ ಒತ್ತಿದರೆ ಆರು ಸಲವೂ ಹಾರುತ್ತೇನೆ. ನಿನ್ನಂಥ ಅಗ್ಗದ ಮಾಲನ್ನು ಯಾರು ನಂಬುತ್ತಾರೆ?" ಎಂದಿತು. ಅದು ಹೇಳಿದ್ದು ನಿಜವೇ. ಆದರೆ ಅಂದು ಮಾನಪ್ಪನ ಕೈಯಲ್ಲಿ ನನ್ನ ಬದಲು ಅದು ಇದ್ದಿದ್ದರೆ ಎಂದು ನೆನೆದು ನನ್ನ ಮೈಯೆಲ್ಲ ತಣ್ಣಗಾಯಿತು.

ಎರಡು ವರ್ಷದ ಮೇಲೆ ನನ್ನನ್ನು ಕೋರ್ಟಿನ ಮೇಜಿನ ಮೇಲೆ ಇಟ್ಟರು. ಇದು ನನ್ನದಲ್ಲ ಎಂದು ಹೇಳು ಅಂತ ವಕೀಲರು ಮಾನಪ್ಪನಿಗೆ ಕಲಿಸಿದ್ದರು. ಅವನು ಮೂರು ಬೆರಳಿನ ಕೈಯಿಂದ ಕಟಕಟೆ ಹಿಡಿದುಕೊಂಡು ನನ್ನನ್ನೇ ನೋಡಿದ. ಸಾಯಬಣ್ಣ ಸಾಕ್ಷಿಗಳ ಬೆಂಚಿನಲ್ಲಿದ್ದ.

"ನಂದ ರೀ ಸಾಹೇಬ್ರ," ಎಂದ ಮಾನಪ್ಪ. "ಮೂವತ್ತು ವರ್ಷದಾಗ ನನ್ನ ಬೆಸುಗಿ ಎಂದೂ ಬಿಟ್ಟಿಲ್ರಿ. ಅವತ್ತೊಂದಿನ ಬಿಟ್ಟತು. ಬಿಡದಿದ್ರ ಆ ಹುಡುಗ ಅಲ್ಲೇ ಬೀಳತಿದ್ದ. ಬೆರಳು ಹ್ವಾದ್ವು ಅಂತ ಅಳತೀನ್ರಿ. ಬೆಸುಗಿ ಬಿಟ್ಟತಂತ ಮಾತ್ರ ದಿನಾ ದೇವರಿಗೆ ಕೈ ಮುಗೀತೀನ್ರಿ, ಉಳದಷ್ಟು ಬೆರಳಲೇ."

ಬೆಂಚಿನ ಮೇಲೆ ಸಾಯಬಣ್ಣ ತಲೆ ತಗ್ಗಿಸಿ ಅಳುತ್ತಿದ್ದ.

ಮಾನಪ್ಪನಿಗೆ ಶಿಕ್ಷೆಯಾಯಿತು. ನನ್ನನ್ನು ಕರಗಿಸಿಬಿಡಿ ಎಂದು ಆದೇಶವಾಯಿತು. ಈಗ ಮೂಲೆಯ ಪೆಟ್ಟಿಗೆಯಲ್ಲಿ ಧೂಳು ತಿನ್ನುತ್ತ ಆ ದಿನಕ್ಕೆ ಕಾಯುತ್ತಿದ್ದೇನೆ. ಬೆಂಕಿಗೆ ನಾನು ಅಂಜುವುದಿಲ್ಲ. ಕರಗಿದ ಕಬ್ಬಿಣ ಮತ್ತೆ ಯಾರ ಕೈ ಸೇರುತ್ತದೆ, ಅವನು ಅದರಿಂದ ಏನು ಮಾಡುತ್ತಾನೆ ಎಂದು ಯಾರೂ ಹೇಳುವುದಿಲ್ಲ. ನನ್ನ ನಡುಕವೆಲ್ಲ ಅದಕ್ಕೆ.