ಕೆಳಗಿನ ಸ್ಲಾಟು

ಹೊತ್ತು ಮುಳುಗಿದ ಮೇಲೆ ನಾನು ಊಟ ಮಾಡುವುದಿಲ್ಲ. ನಮ್ಮ ಜೈನರ ಮನೆಗಳಲ್ಲಿ ಇದು ಹೊಸದೇನಲ್ಲ; ಕತ್ತಲಲ್ಲಿ ಕಾಣದ ಹುಳ ಅನ್ನಕ್ಕೆ ಬಿದ್ದು ಸತ್ತರೆ ಪಾಪ ಉಣ್ಣುವವನಿಗೆ. ಚನ್ನರಾಯಪಟ್ಟಣದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಹತ್ತೊಂಬತ್ತು ವರ್ಷವಾಯಿತು, ಒಂದು ದಿನವೂ ಈ ನೇಮ ತಪ್ಪಿಸಿಲ್ಲ. ಇದನ್ನು ಜಂಬದಿಂದ ಹೇಳಿಕೊಂಡು ತಿರುಗಿದವನು ನಾನು. ಈಗ ಹೇಳುವಾಗ ಬಾಯಿ ಕಹಿಯಾಗುತ್ತದೆ.

ಮೂರು ವರ್ಷದ ಹಿಂದೆ ಹೊಳೆನರಸೀಪುರದ ನಟರಾಜನ ಫೋಟೊ ಸ್ಟುಡಿಯೋಗೆ ಗ್ರಾಫಿಕ್ಸ್ ಕಾರ್ಡ್ ಹಾಕಲು ಹೋಗಿದ್ದೆ. ಅಲ್ಲಿ ಮದುವೆ ವಿಡಿಯೊಗಳನ್ನು ಎಡಿಟ್ ಮಾಡುತ್ತಿದ್ದವಳು ಅವನ ತಂಗಿ ತೇಜಶ್ರೀ. ಗಂಡನ ಮನೆಯಲ್ಲಿ ಬಾಳಲಾರದೆ ಅಣ್ಣನ ಮನೆಗೆ ಬಂದವಳು. ಆ ಕಂಪ್ಯೂಟರಿನ ಮುಂದಿನ ಕುರ್ಚಿಯೊಂದೇ ಆ ಮನೆಯಲ್ಲಿ ಅವಳದು ಅನ್ನುವಂಥದ್ದು. ಅದರಲ್ಲಿ ಕೂತಿರುವಷ್ಟು ಹೊತ್ತು ಅತ್ತಿಗೆ ಕೂಡ ಅವಳನ್ನು ಪಾತ್ರೆ ತೊಳೆಯಲು ಕರೆಯುತ್ತಿರಲಿಲ್ಲ.

ಕಂಪ್ಯೂಟರ್ ಬಿಚ್ಚಿದೆ. ಮದರ್‌ಬೋರ್ಡಿನಲ್ಲಿ ಉದ್ದನೆಯ ಸ್ಲಾಟುಗಳು ಎರಡಿದ್ದವು, ಒಂದರ ಕೆಳಗೊಂದು. ನೋಡಲು ಅವಳಿಜವಳಿ. ಆದರೆ ಪ್ರೊಸೆಸರಿನ ಹತ್ತಿರವಿರುವ ಮೇಲಿನದಕ್ಕೆ ಮಾಹಿತಿ ಓಡಾಡಲು ಹದಿನಾರು ದಾರಿ, ಕೆಳಗಿನದಕ್ಕೆ ನಾಲ್ಕೇ. ಉಳಿದ ಉದ್ದವೆಲ್ಲ ಬರೀ ಪ್ಲಾಸ್ಟಿಕ್ಕು. ಗ್ರಾಫಿಕ್ಸ್ ಕಾರ್ಡು ಮೇಲಿನದಕ್ಕೇ ಹೋಗಬೇಕು; ಕೆಳಗೆ ಹಾಕಿದರೆ ಚಿತ್ರವೇನೋ ಬರುತ್ತದೆ, ವಿಡಿಯೊ ಕೆಲಸ ಮಾತ್ರ ಕುಂಟುತ್ತದೆ. ಇದು ಗೊತ್ತಿಲ್ಲದ ದಡ್ಡ ನಾನಲ್ಲ. ಅಂದು ತಂದಿದ್ದ ಕಾರ್ಡು ಉದ್ದದ್ದು, ಮೇಲೆ ಕೂರಿಸಲು ಹೋದರೆ ಹಾರ್ಡ್‌ಡಿಸ್ಕ್ ಇಡುವ ಗೂಡು ಅಡ್ಡ ಬರುತ್ತಿತ್ತು. ಗೂಡು ಬಿಚ್ಚಿ ಬೇರೆ ಕಡೆ ಕೂರಿಸಲು ಅರ್ಧ ಗಂಟೆಯಾದರೂ ಬೇಕು. ಹೊರಗೆ ಬಿಸಿಲು ಇಳಿಯುತ್ತಿತ್ತು, ಮನೆಗೆ ಒಂದು ಗಂಟೆಯ ದಾರಿ. ಕಾರ್ಡನ್ನು ಕೆಳಗಿನ ಸ್ಲಾಟಿಗೆ ಒತ್ತಿದೆ. ಮುಂದಿನ ವಾರ ಬಂದು ಸರಿ ಮಾಡಿದರಾಯಿತು ಅಂದುಕೊಂಡೆ.

ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದ ತೇಜಶ್ರೀ ಬೋರ್ಡಿನ ಮೇಲಿನ ಸಣ್ಣ ಅಕ್ಷರಗಳನ್ನು ಓದುತ್ತಿದ್ದಳು. ಮೇಲಿನದರ ಪಕ್ಕ ಹದಿನಾರು ಅಂತಿದೆ, ಕೆಳಗಿನದರ ಪಕ್ಕ ನಾಲ್ಕು ಅಂತಿದೆಯಲ್ಲ, ಯಾಕೆ ಎಂದು ಕೇಳಿದಳು.

"ಎರಡೂ ಒಂದೇ ಕಣಮ್ಮ, ಉದ್ದ ನೋಡು," ಎಂದೆ.

ಪರದೆಯ ಮೇಲೆ ಚಿತ್ರ ಬಂತು. ಹೊತ್ತು ಮುಳುಗುವುದರೊಳಗೆ ಉಣ್ಣಬೇಕು, ನಮ್ಮಲ್ಲಿ ಹಾಗೆ ಎಂದು ಅವಳಿಗೇ ಹೇಳಿ ಬೈಕು ಹತ್ತಿದೆ. ಆ ಮುಂದಿನ ವಾರ ಬರಲೇ ಇಲ್ಲ. ಮರೆತೆ ಎಂದರೆ ಅರ್ಧ ಸುಳ್ಳು.

ಕಳೆದ ತಿಂಗಳು ನಟರಾಜ ಫೋನು ಮಾಡಿದ. ತಂಗಿಯ ಕೈ ವಿಪರೀತ ನಿಧಾನವಂತೆ. ಮಲ್ಲಿಪಟ್ಟಣದ ಒಂದು ಮದುವೆಯ ವಿಡಿಯೊ ಕೊಡುವಷ್ಟರಲ್ಲಿ ಹುಡುಗಿಗೆ ಸೀಮಂತವೇ ಆಗಿತ್ತಂತೆ. ಕೇಳಿದರೆ ಕಂಪ್ಯೂಟರೇ ಓಡುವುದಿಲ್ಲ ಅನ್ನುತ್ತಾಳಂತೆ. ಅರಕಲಗೂಡಿನಲ್ಲಿ ಹತ್ತು ವರ್ಷ ಇದೇ ಕೆಲಸ ಮಾಡಿದ ಶಿವರಾಜು ಬರಲು ಒಪ್ಪಿದ್ದಾನೆ, ಆದರೆ ತಂಗಿಯನ್ನು ಸುಮ್ಮನೆ ಕುರ್ಚಿಯಿಂದ ಎಬ್ಬಿಸಲು ಮನಸ್ಸಿಲ್ಲ, ನೀವು ಬಂದು ನೋಡಿ ಎಂದ. "ತಪ್ಪು ಮಿಷನ್ದಾ, ಅವ್ಳದಾ, ನೀವೇ ಏಳ್ಬುಡಿ ನೇಮಣ್ಣ. ನಿಮ್ಮಾತೇ ಕೊನೆ."

ಹೋದೆ. ನಟರಾಜ, ಶಿವರಾಜು, ತೇಜಶ್ರೀ ಮೂವರೂ ಸುತ್ತ ನಿಂತರು. ಮುಚ್ಚಳ ತೆಗೆದರೆ ಕಾರ್ಡು ನಾನು ಬಿಟ್ಟುಹೋದಲ್ಲೇ ಧೂಳು ತಿನ್ನುತ್ತ ಕೂತಿತ್ತು. ತಪ್ಪು ಅವಳದೂ ಅಲ್ಲ, ಮಿಷನ್ನಿನದೂ ಅಲ್ಲ, ನನ್ನದು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ತಾಲ್ಲೂಕಿನ ಫೋಟೊಗ್ರಾಫರುಗಳೆಲ್ಲ ನಟರಾಜನ ಮಾತಿನ ಮೇಲೆ ನನ್ನನ್ನು ಕರೆಯುವವರು.

ಬರೀ ಧೂಳು, ಮಿಷನ್ ಸರಿಯಾಗಿಯೇ ಇದೆ ಎಂದೆ. ಧೂಳು ಹೊಡೆಯುವ ನೆಪದಲ್ಲಿ ಹಾರ್ಡ್‌ಡಿಸ್ಕಿನ ಗೂಡು ಬಿಚ್ಚಿ ಪಕ್ಕಕ್ಕೆ ಕೂರಿಸಿದೆ, ಕಾರ್ಡನ್ನು ಮೇಲಿನ ಸ್ಲಾಟಿಗೆ ಹಾಕಿದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ, ಇಪ್ಪತ್ತೇ ನಿಮಿಷ.

ತೇಜಶ್ರೀ ನೋಡುತ್ತಲೇ ಇದ್ದಳು.

"ಸಾ, ಅವತ್ತು ಕೆಳಗೆ ಆಕಿದ್ರಿ. ಇವತ್ತು ಯಾಕೆ ಮ್ಯಾಲಕ್ಕೆ ಆಕುದ್ರಿ?"

ಅಣ್ಣನಿಗೆ ಕೇಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ ಕೇಳಿದಳು. ನಟರಾಜ ನನ್ನ ಮುಖ ನೋಡಿದ. ದೇವರು ಎರಡನೆಯ ಅವಕಾಶ ಕೊಡುವುದಿಲ್ಲ ಅನ್ನುತ್ತಾರೆ, ನನಗೆ ಕೊಟ್ಟಿದ್ದ.

"ಎರಡೂ ಒಂದೇ ಕಣಮ್ಮ," ಎಂದೆ. "ಗಾಳಿ ಆಡ್ಲಿ ಅಂತ ಬದಲಾಯಿಸ್ದೆ, ಅಷ್ಟೇ."

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ," ಎಂದ ನಟರಾಜ.

ನೆಲ ನಿಜವಾಗಿಯೂ ಡೊಂಕಿತ್ತು. ಡೊಂಕು ಮಾಡಿದ ನಾನು ಅವನ ಪಕ್ಕದಲ್ಲೇ ನಿಂತು ಕೈ ಒರೆಸಿಕೊಳ್ಳುತ್ತಿದ್ದೆ.

ಶಿವರಾಜು ಕುರ್ಚಿಯಲ್ಲಿ ಕೂತ. ತೇಜಶ್ರೀಯ ಕೈಯಲ್ಲಿ ಕುಂಟುತ್ತಿದ್ದ ಇನ್ನೊಂದು ಮದುವೆಯ ವಿಡಿಯೊ, ಅದೇ ಕಾರ್ಡಿನಲ್ಲಿ, ಈಗ ಎಲ್ಲೂ ನಿಲ್ಲದೆ ಓಡಿತು. ಕೈಗುಣ ಅಂದರೆ ಇದು ಎಂದು ನಟರಾಜ ಅವನ ಬೆನ್ನು ತಟ್ಟಿದ. ಪಾಪ, ಶಿವರಾಜುವೂ ನಂಬಿದ. ತನ್ನ ಕೈ ಅಷ್ಟು ಚುರುಕು ಎಂದು ಅವನಿಗೂ ಅಂದೇ ಗೊತ್ತಾಗಿರಬೇಕು.

ತೇಜಶ್ರೀ ಮೇಜಿನ ಮೇಲಿದ್ದ ತನ್ನ ಕನ್ನಡಕ, ನೀರಿನ ಲೋಟ ತೆಗೆದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಪಾತ್ರೆಯ ಸದ್ದು ಕೇಳಿಸಿತು. ಅತ್ತಿಗೆ ಬಹಳ ದಿನದಿಂದ ಕಾಯುತ್ತಿದ್ದಳೇನೋ.

ನಾನು ಬ್ಯಾಗು ಕಟ್ಟುವಾಗ ಅವಳು ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

"ಒತ್ತು ಇಳೀತಾ ಐತೆ ಸಾ, ಬೇಗ ಓಗಿ. ನಿಮ್ಗೆ ಊಟ ತಪ್ಪೋಯ್ತದೆ."

ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಬರುತ್ತೀನಮ್ಮ ಎಂದೆ, ಅವಳ ಕಡೆ ನೋಡದೆ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಹೆಂಡತಿ ಜಿನಶ್ರೀ ತಟ್ಟೆ ಇಟ್ಟಳು. ಎಂದಿನ ಹಾಗೆ ಅನ್ನ ಕೆದಕಿ ನೋಡಿದೆ, ಒಂದು ಹುಳವೂ ಇರಲಿಲ್ಲ. ತುತ್ತು ಗಂಟಲಲ್ಲಿ ಇಳಿಯಲಿಲ್ಲ ಎಂದು ಹೇಳಿದರೆ ನನಗೂ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು. ಇಳಿಯಿತು. ಹಸಿದಿದ್ದೆ, ಇನ್ನೊಂದು ಸಲ ಬಡಿಸು ಎಂದೆ.