ಅಡ್ಡಾದವರ ಒಪ್ಪಿಗೆ

ಮಿಯಾಪುರದ ಲೇಬರ್ ಅಡ್ಡಾದಲ್ಲಿ ಇನ್ನು ಯಾರೂ ಕೂಲಿಗಾಗಿ ನಿಲ್ಲಬಾರದೆಂದು, ಅಲ್ಲಿ ಎಂದೂ ನಿಲ್ಲದವರು ವಾರ್ಡ್ ಸಭೆಯಲ್ಲಿ ನಿಯಮ ಮಾಡಿದರು. ಸಭೆ ನಡೆದದ್ದು ಮಧ್ಯಾಹ್ನ. ಆ ಹೊತ್ತಿಗೆ ಅಡ್ಡಾದವರೆಲ್ಲ ಸ್ಲ್ಯಾಬಿನ ಮೇಲೆ ಕಾಂಕ್ರೀಟ್ ಹೊರುತ್ತಿದ್ದರು.

ಕೂಲಿಯವರು ನಿಲ್ಲಲು ಗೊತ್ತುಮಾಡಿದ ಹೊಸ ಜಾಗ ರಿಂಗ್ ರೋಡಿನ ಆಚೆ. ಅಲ್ಲಿಗೆ ಯಾವ ಮೇಸ್ತ್ರಿ ಹುಡುಕಿಕೊಂಡು ಬಂದಾನು? ದೇವದುರ್ಗದಿಂದ ಈ ನಗರಕ್ಕೆ ದುಡಿಯಲು ಬಂದು ಅರ್ಧ ಆಯುಷ್ಯ ಇದೇ ಚೌಕಿನಲ್ಲಿ ಕಳೆದ ಗದಿಗೆಮ್ಮನಿಗೆ ಕೂಲಿಯ ಚಿಂತೆಗಿಂತ ತನ್ನದೇ ಒಂದು ಮಾತು ಎದೆ ಕೊರೆಯುತ್ತಿತ್ತು.

ಹೋದ ವರ್ಷ ಕೂಲಿ ಸಂಘದ ಶಿವಗಂಗಾ ಅಡ್ಡಾದವರು ವಾಸವಿದ್ದ ಶೆಡ್ಡುಗಳಿಗೆ ಬಂದಿದ್ದಳು. "ನಿಮ್ಮ ವೋಟು ಇಲ್ಲಿಗೆ ಬದಲಿ ಮಾಡಿಸಿಕೊಳ್ರಿ ಯಕ್ಕಾ. ಇಲ್ಲಾಂದ್ರ ನಿಮ್ಮನ್ನ ಯಾರೂ ಕೇಳಂಗಿಲ್ಲ."

"ಇಲ್ಲಿ ಹೆಸರು ಹಾಕಿಸಿದ್ರ ಊರಾಗ ನಮ್ಮನ್ನ ಸತ್ತವ್ರ ಲೆಕ್ಕಕ್ಕ ಹಚ್ತಾರ. ನಡಿ ಅತ್ಲಾಗ!" ಎಂದು ಗದರಿಸಿ ಕಳಿಸಿದವಳು ಗದಿಗೆಮ್ಮ. ಅವಳ ಮಾತು ನಂಬಿ ಉಳಿದವರೂ ಹಿಂದೆ ಸರಿದರು. ಚುನಾವಣೆ ಬಂದಾಗ ಊರ ಧಣಿ ಬಸ್ಸು ಕಳಿಸುತ್ತಿದ್ದ. ಹೋಗಿ ಬಟನ್ ಒತ್ತಿ ಮರುದಿನ ವಾಪಸ್. ಬೆವರು ಇಲ್ಲಿ, ವೋಟು ಅಲ್ಲಿ. ಊರು ಕೈಬಿಡಬಾರದೆಂಬ ಆಸೆಗೆ, ಬದುಕುವ ಜಾಗವನ್ನೇ ಕೈಯಾರೆ ಬೇರೆಯವರಿಗೆ ಕೊಟ್ಟಂತಾಗಿತ್ತು.

ಸೋಮವಾರ ಬೆಳಿಗ್ಗೆ, ಆ ನಿಯಮ ಮಾಡಿಸಿದ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಪ್ರಾಣೇಶ ಅವರು ಫೋಟೋದವನನ್ನು ಕರೆದುಕೊಂಡು ಅಡ್ಡಾಕ್ಕೆ ಬಂದರು.

"ನಾನೂ ರಾಯಚೂರು ಕಡೆಯವನೇ ಅಲ್ಲೇನವಾ? ನಿಮ್ಮನ್ನ ಕೇಳೇ ನಿಯಮ ಮಾಡೀವಿ ಅಂತ ಮ್ಯಾಲಿನವರಿಗೆ ತೋರಸಬೇಕಾಗ್ಯದ. ಎಲ್ಲಾರೂ ಒಮ್ಮೆ ಕೈ ಎತ್ತರಿ. ಒಂದು ಫೋಟೋ, ಮುಗೀತು."

"ಯಾವಾಗ ಕೇಳಿದ್ರಿ ಸಾಹೇಬ್ರ, ಕನಸಿನ್ಯಾಗ?" ಎಂದ ಗಾರೆ ಕೆಲಸದ ಚಂದ್ರಾಮ. ಅಡ್ಡಾವೆಲ್ಲ ನಕ್ಕಿತು.

ಪ್ರಾಣೇಶರ ಮುಖ ಬಿಗಿಯಿತು. "ನಿಮಗ ಇಲ್ಲಿ ವೋಟೇ ಇಲ್ಲ. ಯಾವ ಬಾಯಿಲೆ ಕೇಳ್ತೀರಿ?"

ನಗು ನಿಂತಿತು. ಯಾರೂ ಗದಿಗೆಮ್ಮನ ಕಡೆ ನೋಡಲಿಲ್ಲ, ಬೇಕೆಂದೇ ನೋಡಲಿಲ್ಲ. ಬೈದಿದ್ದರಾದರೂ ಹಗುರಾಗುತ್ತಿತ್ತು. ಹಿಂದಿನ ಸಾಲಿನಲ್ಲಿ ಒಂದೊಂದೇ ಕೈ ಅಂಜುತ್ತ ಮೇಲೇಳತೊಡಗಿತು.

"ನೀನೂ ಎತ್ತವಾ," ಎಂದರು ಪ್ರಾಣೇಶ, ದನಿ ಮೆತ್ತಗೆ ಮಾಡಿಕೊಂಡು. "ನೀ ಎತ್ತಿದ್ರ ಇವರೆಲ್ಲಾ ಎತ್ತತಾರ."

ಅದು ಗದಿಗೆಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಒಮ್ಮೆ ಹಾಗೆಯೇ ಆಗಿಹೋಗಿತ್ತು.

"ವೋಟಿಲ್ಲದವ್ರ ಕೈ ನಿಮಗ್ಯಾಕ ಬೇಕಾತ್ರಿ?" ಎಂದಳು. "ನಾ ಎತ್ತಂಗಿಲ್ಲ."