ಮಾಲಿನಿ ಮದುವೆಯ ಫೋಟೋಗಳು

ಬೇಲೂರಿನಲ್ಲಿ ಹೊಸ ಹೋಟೆಲ್ ಶುರುವಾದಾಗ ಅದರ ಮ್ಯಾನೇಜರ್ ಮೋಹನ್‌ಕುಮಾರ್ ಪೇಪರಿಗೆ ಜಾಹೀರಾತು ಕೊಡಲಿಲ್ಲ, ಗೇಟಿಗೆ ಬೋರ್ಡೂ ಹಾಕಲಿಲ್ಲ. ಫೇಸ್‌ಬುಕ್ಕಿನ ಹಾಗೆ ಆಗ ಜನ ಸೇರುತ್ತಿದ್ದ ಆರ್ಕುಟ್‌ನಲ್ಲಿ ನಮ್ಮೂರು ಅರಸೀಕೆರೆಯವರದೊಂದು ಗುಂಪಿತ್ತು, ಅಲ್ಲಿ ಬರೆದ: ರಿಸೆಪ್ಷನ್‌ಗೆ ಹುಡುಗಿ ಬೇಕು, ಇಂಗ್ಲಿಷ್, ಸ್ವಲ್ಪ ಹಿಂದಿ ಬರಬೇಕು. ಇದು 2008ರ ಮಾತು. ನನ್ನ ಮಗಳು ಚಿತ್ರಾ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಳು. ಕೆಲಸ ಸಿಗದಿದ್ದರೆ ಮಳೆಗಾಲ ಕಳೆದ ಮೇಲೆ ಮದುವೆ ಮಾಡುವುದೆಂದು ನಾನೂ ನನ್ನ ಹೆಂಡತಿ ಚಲುವಮ್ಮನೂ ಮಾತಾಡಿಕೊಂಡಿದ್ದೆವು. ಅದು ಅವಳ ಕಿವಿಗೂ ಬಿದ್ದಿತ್ತು. ಗೆಳತಿಯೊಬ್ಬಳಿಂದ ಈ ಕೆಲಸದ ಸುದ್ದಿ ತಿಳಿದ ದಿನವೇ ಅರ್ಜಿ ಹಾಕಲು ಸೈಬರ್ ಸೆಂಟರಿಗೆ ಹೊರಟಳು.

ನಾನು ರೈಲ್ವೆ ಗ್ಯಾಂಗ್‌ಮನ್, ಏಳನೇ ಕ್ಲಾಸು ಓದಿದವನು. ಇದೆಂಥ ಕೆಲಸ ಎಂದು ಕೂಗಾಡಿ, ಕಾವಲಿಗೆ ನಾನೂ ಹೋದೆ. ಸೈಬರ್ ಇಟ್ಟಿದ್ದ ಸ್ವಾಮಿ ನಕ್ಕ.

“ಏನ್ ಭೀಮರಾಜಣ್ಣ, ನೀವೂ ಆರ್ಕುಟ್‌ಗೆ ಸೇರ್ಕತೀರಾ?”

“ಈ ಮುಖ ನೋಡಿ ಯಾವನ್ಲಾ ಫ್ರೆಂಡ್ ಆಯ್ತಾನೆ? ಸುಮ್ನೆ ಕೂತ್ಕ.”

ಮ್ಯಾನೇಜರ್ ಫೋನಿನಲ್ಲಿ ಮಾತಾಡಿಸಿ ಬರಹೇಳಿದ. ಜಾವಗಲ್, ಹಳೇಬೀಡು ಮೇಲೆ ಹೋಗುವ ಬಸ್ಸಿನಲ್ಲಿ ಅಪ್ಪ ಮಗಳು ಹೋದೆವು. ಒಳ್ಳೆಯ ಮನುಷ್ಯನಂತೆಯೇ ಕಂಡ. ಚಿತ್ರಾ ಇಂಗ್ಲಿಷಿನಲ್ಲಿ ತಡವರಿಸದೆ ಉತ್ತರ ಕೊಟ್ಟಳು. ಸೋಮವಾರದಿಂದ ಬನ್ನಿ ಎಂದ. ಯೂನಿಫಾರ್ಮಿಗೆ ಅಳತೆಯನ್ನೂ ತೆಗೆಸಿದ. ಹೊರಡುವಾಗ, ನಮ್ಮ ಸ್ಟಾಫ್ ಎಲ್ಲರೂ ಆರ್ಕುಟ್‌ನಲ್ಲಿ ಫ್ರೆಂಡ್ಸ್, ನೀವೂ ಸೇರಿಕೊಳ್ಳಿ ಎಂದ. ಅರಸೀಕೆರೆಗೆ ಬಂದಿಳಿದವಳೇ ಅವನನ್ನು ಸೇರಿಸಿಕೊಂಡಳು.

ಫ್ರೆಂಡ್ ಆದವರಿಗೆ ಮಾತ್ರ ಕಾಣುವಂತೆ ಅವಳು ನನ್ನ ತಮ್ಮನ ಮಗಳು ಮಾಲಿನಿಯ ಮದುವೆಯ ಫೋಟೋ ಹಾಕಿದ್ದಳು. ನಾವು ಬೌದ್ಧರು. ನಮ್ಮಪ್ಪನ ಕಾಲದಿಂದಲೂ ನಮ್ಮಲ್ಲಿ ಮದುವೆಗೆ ಪುರೋಹಿತರಿಲ್ಲ, ಹೋಮವಿಲ್ಲ. ಬುದ್ಧನ ಮೂರ್ತಿ, ಪಕ್ಕದಲ್ಲಿ ಅಂಬೇಡ್ಕರರ ಫೋಟೋ, ಬಿಳಿ ಬಟ್ಟೆಯಲ್ಲಿ ಗಂಡು ಹೆಣ್ಣು, ಮಂತ್ರದ ಬದಲು ಪಂಚಶೀಲ. ನೋಡಿದವರಿಗೆ ನಾವು ಯಾರೆಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಭಾನುವಾರ ಹೋಟೆಲಿನಿಂದ ಫೋನ್ ಬಂತು. ಸಾರಿ ಮೇಡಂ, ಪೋಸ್ಟ್ ಭರ್ತಿಯಾಗಿದೆ. ಚಿತ್ರಾ ಸೈಬರಿಗೆ ಓಡಿದಳು. ನಿಮ್ಮ ಪುಟವನ್ನು ಯಾರು ಬಂದು ನೋಡಿದರೆಂದು ಆರ್ಕುಟ್ ತೋರಿಸುತ್ತಿತ್ತು. ಶನಿವಾರ ಮ್ಯಾನೇಜರ್ ಬಂದುಹೋಗಿದ್ದ. ಎರಡು ದಿನ ಕಳೆಯುವುದರೊಳಗೆ ಅದೇ ಗುಂಪಿನಲ್ಲಿ ಮತ್ತೆ ಬರೆದ: ರಿಸೆಪ್ಷನ್‌ಗೆ ಹುಡುಗಿ ಬೇಕು.

ಬೇಲೂರಿಗೆ ಹೊರಟು ನಿಂತೆ. ಬಿಡ್ರೀ, ಹೋಗಬೇಡ್ರೀ ಎಂದು ಚಲುವಮ್ಮ ಬಾಗಿಲಿಗೆ ಅಡ್ಡ ನಿಂತರೂ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡೆ. ಮೋಹನ್‌ಕುಮಾರ್ ನನ್ನನ್ನು ಕಂಡು ಎದ್ದು ನಿಂತ, ಕುರ್ಚಿ ತೋರಿಸಿದ. ನಾನು ಕೂರದೆ ನೇರವಾಗಿ ಕೇಳಿದೆ. ಅವನ ದನಿ ಸ್ವಲ್ಪವೂ ಏರಲಿಲ್ಲ.

“ನಾವು ಜಾತಿ ಕೇಳಿದ್ವಾ ಯಜಮಾನ್ರೇ? ಫಾರಂ ತುಂಬಿಸ್ಕೊಂಡ್ವಾ? ಹೇಳಿ ನೀವೇ.”

ಕೇಳಿರಲಿಲ್ಲ. ಅವನಿಗೆ ಕೇಳುವ ಅಗತ್ಯವೇ ಬಿದ್ದಿರಲಿಲ್ಲ. ಓನರ್ ಸಂಬಂಧಿಕರೊಬ್ಬರನ್ನು ಸೇರಿಸಿದ್ದೆವು, ಅವರು ಬಿಟ್ಟುಹೋದರು, ಅದಕ್ಕೇ ಮತ್ತೆ ಹಾಕಿದೆವು ಎಂದ. ಹಾಗಿದ್ದರೆ ಈಗ ನನ್ನ ಮಗಳನ್ನು ಕರೆಯಿರಿ ಎಂದೆ. ಈಗ ಅನುಭವ ಇರುವವರು ಬೇಕು ಎಂದ. ಅವನು ಒಂದು ಕೆಟ್ಟ ಮಾತಾಡಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದೆ, ಪೊಲೀಸ್ ಸ್ಟೇಷನ್ನಿಗೆ ಹೋಗುತ್ತಿದ್ದೆ. ಬಾಗಿಲವರೆಗೆ ಬಂದು ಕೈ ಮುಗಿದು ಕಳಿಸಿದ. ಸ್ಟೇಷನ್ನಿಗೆ ಹೋಗಿ ಏನೆಂದು ಬರೆಸಲಿ? ಫೋಟೋ ನೋಡಿದರು ಅಂತಲೇ? ಹೊಂದಿಸಿಕೊಂಡ ಬೈಗುಳವೆಲ್ಲ ಬಾಯಲ್ಲೇ ಉಳಿಯಿತು.

ಮುಂದಿನ ವಾರ ಹಾಸನದ ಸೀರೆ ಅಂಗಡಿಯೊಂದು ಅಕೌಂಟ್ಸ್‌ಗೆ ಹುಡುಗಿ ಬೇಕೆಂದು ಆರ್ಕುಟ್‌ನಲ್ಲಿ ಹಾಕಿತು. ಸೈಬರಿನಲ್ಲಿ ಅವಳ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಅರ್ಜಿ ಬರೆಯುವ ಮೊದಲು ಅವಳು ಆಲ್ಬಂ ತೆರೆದಳು. ಮದುವೆಯ ಫೋಟೋಗಳನ್ನು ಒಂದೊಂದಾಗಿ ಅಳಿಸತೊಡಗಿದಳು.

“ಯಾಕವ್ವಾ?” ಎಂದೆ.

“ಇದ್ರೆ ಕೆಲಸ ಕೊಡ್ತಾರಾ ಅಪ್ಪಾ? ಕೊಡ್ತಾರೆ ಅನ್ನು, ಬಿಡ್ತೀನಿ.”

ಬಾಬಾಸಾಹೇಬರ ಫೋಟೋದ ಕೆಳಗೆ ಹೊಸ ಶರಟು ಹಾಕಿಕೊಂಡು ನಾನು ನಗುತ್ತಾ ನಿಂತದ್ದು ಪರದೆಯ ಮೇಲೆ ಬಂತು. ಅವಳ ಬೆರಳು ನಿಂತಿತು. ಇದೊಂದಿರಲಿ ಅನ್ನುತ್ತೇನೆಂದು ಕಾದಳೋ ಏನೋ. ಮನೆಯಲ್ಲಿ ಯಾರಿಗೂ ಎದುರು ಮಾತಾಡಲು ಬಿಡದ ನಾನು ಸೈಬರಿನ ಎದುರುಗೋಡೆಯನ್ನು ನೋಡುತ್ತಾ ಕೂತೆ. ಅವಳು ಡಿಲೀಟ್ ಒತ್ತಿದಳು.